ಹೇರಿನ ಎತ್ತರ: ಕೊಪ್ಪಳ ಸೀಮೆಯಲ್ಲಿ ಬಂಡಿಯಿಂದ ಪಿಕಪ್‌ವರೆಗೆ

ಸರಕಿನ ಗಾಡಿಗೆ ಎರಡು ಎತ್ತರಗಳಿರುತ್ತವೆ. ನೆಲದಿಂದ ಬಾಡಿಯ ತಳದವರೆಗಿನದು ಒಂದು, ತಳದಿಂದ ಪಕ್ಕದ ಹಲಗೆಗಳ ತುದಿಯವರೆಗಿನದು ಇನ್ನೊಂದು. ಮೊದಲನೆಯದು ಹೇರುವವರ ಬೆನ್ನಿನ ಲೆಕ್ಕ, ಎರಡನೆಯದು ಹೇರುವ ಮಾಲಿನ ಲೆಕ್ಕ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಬೆಳೆ ಬದಲಾದಂತೆ ಈ ಎರಡೂ ಬದಲಾಗುತ್ತ ಬಂದಿವೆ.

ಎತ್ತಿನ ಬಂಡಿಯ ತಳ ದೊಡ್ಡ ಗಾಲಿಗಳ ಅಚ್ಚಿನ ಮೇಲೆ ಕೂತು ಸೊಂಟ ಮೀರಿ ಇರುತ್ತಿತ್ತು. ಆದರೆ ಗಾಲಿ ಎರಡೇ ಆದ್ದರಿಂದ, ಎತ್ತು ಬಿಚ್ಚಿ ನೊಗ ಮೇಲೆತ್ತಿದರೆ ಹಿಂಬದಿ ನೆಲದತ್ತ ಬಾಗುತ್ತಿತ್ತು. ಚೀಲಗಳನ್ನು ಆ ಇಳಿಜಾರಿನ ಮೇಲೆ ನೂಕಿ ಮೇಲೇರಿಸುತ್ತಿದ್ದರು. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಹೊಲಗಳಿಂದ ಜೋಳದ ಕಣಕಿ ತರುವಾಗ ನಾಲ್ಕು ಮೂಲೆಗೆ ಗೂಟ ನಿಲ್ಲಿಸಿ, ಸೂಡುಗಳನ್ನು ಅಡ್ಡಡ್ಡ ಒಟ್ಟಿ ಹಗ್ಗ ಬಿಗಿಯುತ್ತಿದ್ದರು. ಪಕ್ಕದ ಎತ್ತರ ಹೇರಿಗೆ ತಕ್ಕಂತೆ ಏರುತ್ತಿತ್ತು, ಇಳಿಯುತ್ತಿತ್ತು.

ತುಂಗಭದ್ರಾ ಜಲಾಶಯದಿಂದ 1953ರಲ್ಲಿ ಕಾಲುವೆಗೆ ನೀರು ಹರಿಯತೊಡಗಿದ ಮೇಲೆ ಎಡದಂಡೆಯಲ್ಲಿ ಭತ್ತ ಬಂತು, ವಲಸೆ ಬಂದ ರೈತರು ನೆಲೆಸಿದ ಕ್ಯಾಂಪ್‌ಗಳು ಬಂದವು, ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳು ಎದ್ದವು. ಊರಿಗೆ ರೈಲು ತಲುಪಿದ್ದು 2019ರಲ್ಲಿ. ಅಲ್ಲಿಯವರೆಗೆ ಊರಿನ ಅಕ್ಕಿಯೆಲ್ಲ ಲಾರಿಯನ್ನೇ ನೆಚ್ಚಿತ್ತು. ಈ ಭಾಗದಲ್ಲಿ ಭತ್ತದ ದರ ಹೇಳುವುದು 75 ಕಿಲೋ ಚೀಲದ ಲೆಕ್ಕದಲ್ಲಿ. ಆದರೆ ಒಬ್ಬ ವಯಸ್ಕ ಗಂಡಸು ಕೈಯಾರೆ ಹೊರಬಹುದಾದ ಗರಿಷ್ಠ ಭಾರ 55 ಕಿಲೋ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು.

ಆ ಚೀಲ ಲಾರಿ ಏರುವ ಬಗೆ ಹೀಗೆ: ಇಬ್ಬರು ಹಮಾಲರು ಎರಡು ತುದಿ ಹಿಡಿದು ಎತ್ತುತ್ತಾರೆ, ಮೂರನೆಯವನು ಬಗ್ಗಿ ಬೆನ್ನು ಕೊಡುತ್ತಾನೆ. ತಲೆಗೆ ಸುತ್ತಿದ ಟವೆಲ್ಲಿನ ಚುಂಗು ಬೆನ್ನ ಮೇಲೆ ಇಳಿಬಿದ್ದು ಸೆಣಬಿನ ನಾರು ಚುಚ್ಚದಂತೆ ತಡೆಯುತ್ತದೆ. ಲಾರಿಯ ಹಿಂದೆ ಬಂದವನು ತಿರುಗಿ ನಿಂತು ಬೆನ್ನನ್ನು ತಳದ ಅಂಚಿಗೆ ಆನಿಸಿದರೆ ಚೀಲ ತಾನೇ ಜಾರಿ ಕೂರುತ್ತದೆ. ಮೇಲಿದ್ದವನು ಕೊಕ್ಕೆ ಹಾಕಿ ಒಳಗೆಳೆದುಕೊಳ್ಳುತ್ತಾನೆ. ಹೊತ್ತು ಬಂದವನಿಗೆ ಎದೆಮಟ್ಟದ ತಳ ಕಷ್ಟವಲ್ಲ, ಅನುಕೂಲ. ಕಷ್ಟ ಶುರುವಾಗುವುದು ಮೇಲಿನ ಸಾಲುಗಳಿಗೆ, ಹಲಗೆ ಇಟ್ಟು ಹತ್ತುವಾಗ.

2005ರಲ್ಲಿ ಬಂದ ಟಾಟಾ ಏಸ್, ಆಮೇಲೆ ಹೆಚ್ಚಿದ ಬೊಲೆರೊ ಪಿಕಪ್‌ಗಳು ಈ ಲೆಕ್ಕವನ್ನು ತಿರುಗಿಸಿದವು. ಏಸ್‌ನ ಚಿಕ್ಕ ಗಾಲಿಗಳ ಮೇಲಿನ ತಳ ಸೊಂಟಕ್ಕಿಂತ ಕೆಳಗೇ ಸಿಗುತ್ತದೆ. ಹಮಾಲರಿಲ್ಲದ ಹೊಲದ ಬದುವಿನಲ್ಲಿ ಗೊಬ್ಬರದ ಚೀಲ, ತರಕಾರಿ ಬುಟ್ಟಿಗಳನ್ನು ನೆಲದಿಂದ ಎತ್ತಿಡುವ ರೈತನಿಗೆ ಇದು ಸಲೀಸು. ಬೆನ್ನ ಮೇಲೆ ಹೊತ್ತು ಬರುವ ಹಮಾಲನಾದರೋ ಚೀಲ ಇಳಿಸಲು ಇನ್ನಷ್ಟು ಬಗ್ಗಬೇಕು. ಲಾರಿಯ ಮಟ್ಟಕ್ಕೆ ಕಟ್ಟಿದ ಗೋದಾಮಿನ ಕಟ್ಟೆಯಿಂದಲೂ ಚೀಲವನ್ನು ಕೆಳಕ್ಕೆ ಇಳಿಸಬೇಕಾಗುತ್ತದೆ.

ಪಕ್ಕದ ಎತ್ತರದ ಮಾತು ಬೇರೆ. ಮುಕ್ಕಾಲು ಟನ್ ಹೊರುವ ಗಾಡಿಗೆ ಭತ್ತದ ಹತ್ತು ಚೀಲ ಎಂದರೆ ಭಾರ ಮುಗಿಯಿತು. ಚೀಲಗಳು ಎರಡು ಸಾಲೂ ದಾಟುವುದಿಲ್ಲ. ಅಂಥ ಗಾಡಿಯ ಹಲಗೆ ಎತ್ತರಿಸಿದರೆ ಹೆಚ್ಚು ಹೇರುವ ಆಸೆ ಮಾತ್ರ ಹೆಚ್ಚುತ್ತದೆ. ಮೇವು, ಹೊಟ್ಟು, ಖಾಲಿ ಕ್ರೇಟುಗಳಿಗೆ ಇದು ತಿರುಗುಮುರುಗು: ಭಾರ ತುಂಬುವ ಮೊದಲೇ ಜಾಗ ತುಂಬುತ್ತದೆ. ಕುಷ್ಟಗಿ ಕಡೆಯ ದಾಳಿಂಬೆಯನ್ನು ಕ್ರೇಟಿನ ಮೇಲೆ ಕ್ರೇಟು ಜೋಡಿಸಿ ಒಯ್ಯುವಾಗಲೂ ಎತ್ತರದ ಕಂಬಿಗಳು ಜರುಗದಂತೆ ಹಿಡಿಯುತ್ತವೆ. ವೆಲ್ಡಿಂಗ್ ಅಂಗಡಿಗಳಲ್ಲಿ ಪಿಕಪ್‌ಗಳಿಗೆ ಕಬ್ಬಿಣದ ಕಂಬಿ ಕಟ್ಟಿಸುವುದು ಇದಕ್ಕೇ. ಆದರೆ ನೋಂದಣಿ ಪುಸ್ತಕದ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ.

ಭತ್ತಕ್ಕೂ ಎತ್ತರದ ಪಕ್ಕ ಬೇಕಾದದ್ದು ಕೊಯ್ಲು ಯಂತ್ರ ಬಂದ ಮೇಲೆ. ಯಂತ್ರ ಕಾಳನ್ನು ಚೀಲವಿಲ್ಲದೆ ನೇರವಾಗಿ ಟ್ರ್ಯಾಕ್ಟರಿನ ಟ್ರೇಲರ್‌ಗೆ ಸುರಿಯುತ್ತದೆ. ಸಂದಿಯಲ್ಲಿ ಕಾಳು ಸೋರದಂತೆ ತಾಡಪಾಲು ಹಾಸಿ, ಹಲಗೆ ಎತ್ತರಿಸಿ ತುಂಬುತ್ತಾರೆ; ಒಣಗಿಸುವ ಜಾಗದಲ್ಲಿ ಟ್ರೇಲರ್ ಎತ್ತಿ ಸುರಿದರಾಯಿತು. ಇಲ್ಲಿ ತಳದ ಎತ್ತರಕ್ಕೆ ಬೆನ್ನಿನ ಸಂಬಂಧವೇ ಇಲ್ಲ.

ಎತ್ತರ ಹೆಚ್ಚಿದಷ್ಟೂ ಭಾರದ ಕೇಂದ್ರ ಮೇಲೇರಿ ತಿರುವಿನಲ್ಲಿ ಗಾಡಿ ವಾಲುತ್ತದೆ. ಮೇವಿನ ಹೇರು ಜೋತುಬಿದ್ದ ವಿದ್ಯುತ್ ತಂತಿಗೆ ತಾಗಿ ಹೊತ್ತಿಕೊಳ್ಳುವುದೂ ಉಂಟು. ಅದಕ್ಕೆಂದೇ ಹೇರಿನ ಜೊತೆಗೆ ಒಬ್ಬ ಉದ್ದನೆಯ ಒಣಕೋಲು ಹಿಡಿದು ನಡೆದು, ತಂತಿ ಎತ್ತಿ ಹಿಡಿದು ಗಾಡಿ ದಾಟಿಸುವುದು ಹಳ್ಳಿಗಳಲ್ಲಿ ಕಾಣುವ ನೋಟ. ಅದೂ ಅಪಾಯದ ಕೆಲಸವೇ. ಹೀಗಾಗಿ ಎತ್ತರದ ಬಾಡಿ ಒಳ್ಳೆಯದೇ ಎಂಬುದಕ್ಕೆ ಒಂದೇ ಉತ್ತರವಿಲ್ಲ: ನೆಲದಿಂದ ಎತ್ತುವವನಿಗೆ ತಗ್ಗಿನ ತಳ, ಬೆನ್ನ ಮೇಲೆ ತರುವವನಿಗೆ ಎದೆಮಟ್ಟದ ತಳ; ಭತ್ತದ ಚೀಲಕ್ಕೆ ಗಿಡ್ಡ ಹಲಗೆ, ಕಣಕಿಗೆ ಎತ್ತರದ ಕಂಬಿ.