ಶ್ರೀರಂಗಪಟ್ಟಣದಲ್ಲಿ ಒಂದು ದಿನ

ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂದು ಹೆಸರು. ಹೈದರಾಲಿ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚರ ದಂಡು ಅಲ್ಲಿ ಬೀಡುಬಿಟ್ಟಿದ್ದುದರಿಂದ ಆಂಗ್ಲರು ಅದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಕಳೆದ ಮಾಘಮಾಸದಲ್ಲಿ ಆ ಊರಿನಲ್ಲಿರುವ ನನ್ನ ತಂಗಿಯ ಮನೆಯಿಂದ, ಅವಳ ಮೊಮ್ಮಗನನ್ನು ಕರೆದುಕೊಂಡು ರೈಲಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟೆನು. ಹುಡುಗನಿಗೆ 15 ವರ್ಷ. ತಂದೆ ತೀರಿಹೋಗಿ ವರ್ಷವಾಗಿತ್ತು. ಅಂದಿನಿಂದ ಅವನು ಯಾರೊಡನೆಯೂ ಮನಸ್ಸು ಬಿಚ್ಚಿ ಮಾತನಾಡಿದವನಲ್ಲ. ಪುಸ್ತಕವನ್ನು ಮುಟ್ಟಿದವನೂ ಅಲ್ಲ.

ಶ್ರೀರಂಗನಾಥನ ದರ್ಶನವನ್ನು ಮಾಡಿಕೊಂಡು, ಟಿಪ್ಪು ಸುಲ್ತಾನನ ಶವವು ದೊರೆತ ಸ್ಥಳಕ್ಕೆ ನಡೆದೆವು. ಅಲ್ಲಿ ಗುರುತಿಗಾಗಿ ಒಂದು ಕಲ್ಲನ್ನು ನೆಟ್ಟಿದ್ದಾರೆ. ನೆರಳಿನಲ್ಲಿ ಕುಳಿತು ಹುಡುಗನಿಗೆ ಕಥೆಯನ್ನು ಹೇಳತೊಡಗಿದೆನು.

1792ರ ಸಂಧಿಯಂತೆ ಸುಲ್ತಾನನು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ತೆರಬೇಕಾಯಿತು. ಅದಕ್ಕೆ ಒತ್ತೆಯಾಗಿ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಎಂಬ ಇಬ್ಬರು ಮಕ್ಕಳನ್ನು ಶತ್ರುಗಳಿಗೆ ಒಪ್ಪಿಸಿದನು. 1794ರಲ್ಲಿ ಅವರು ಹಿಂದಿರುಗಿದರು. ಐದು ವರ್ಷಗಳ ಬಳಿಕ, 1799ರ ಮೇ 4ರ ಮಧ್ಯಾಹ್ನ, ಕೋಟೆಯು ಬಿದ್ದಿತು. ಆಂಗ್ಲ ಅಧಿಕಾರಿಯಾದ ಅಲನ್ ಎಂಬುವನು ಅರಮನೆಯನ್ನು ಹೊಕ್ಕಾಗ, ಸುಮಾರು 15 ವರ್ಷದ ಮುಯಿಜುದ್ದೀನನು ಅಲ್ಲಿದ್ದನು. ಸುಲ್ತಾನನೆಲ್ಲಿ ಎಂದು ಕೇಳಿದರೆ, ಅರಮನೆಯಲ್ಲಿಲ್ಲವೆಂದು ಉತ್ತರ ಬಂದಿತು. ಅದು ನಿಜವೇ. ತಂದೆಯು ಕೋಟೆಯ ಬಾಗಿಲೊಂದರಲ್ಲಿ ಹೆಣಗಳ ರಾಶಿಯ ನಡುವೆ ಬಿದ್ದಿದ್ದನು. ಕತ್ತಲಾದ ಮೇಲೆ ಕಿಲ್ಲೇದಾರನು ಸ್ಥಳವನ್ನು ತೋರಿಸಿದನು. ದೀಪಗಳ ಬೆಳಕಿನಲ್ಲಿ ಶವವನ್ನು ಗುರುತಿಸಿದರು. ಒಡೆಯನ ಬಳಿಯಲ್ಲೇ ಗಾಯಗೊಂಡು ಬಿದ್ದಿದ್ದ ಸೇವಕ ರಾಜಾಖಾನನು ಬದುಕಿ, ಕೊನೆಯ ಗಳಿಗೆಯ ವೃತ್ತಾಂತವನ್ನು ಹೇಳಿದನು. ಮರುದಿನ ಸಂಜೆ ಸಮಾಧಿಯಾಯಿತು.

ಹುಡುಗನು ಬಹಳ ಹೊತ್ತು ಕಲ್ಲನ್ನೇ ನೋಡುತ್ತಿದ್ದನು.

"ತಾತ, ಆ ರಾಜಕುಮಾರರಿಗೆ ಒಂದೇ ದಿನದಲ್ಲಿ ಎಲ್ಲವೂ ತಿಳಿಯಿತು, ಶತ್ರುಗಳ ನಡುವೆ ಇದ್ದರೂ! ನನಗೆ ನಮ್ಮವರೇ ಏಕೆ ಹೇಳಲಿಲ್ಲ?"

ನಾನು ತಲೆತಗ್ಗಿಸಿದೆನು. ಅವನ ತಂದೆಯದು ಎರಡು ದಿನದ ಜ್ವರವೆಂದು ಹೇಳಿದ್ದೆವು. ವಾಸಿಯಾಗದ ರೋಗವೆಂಬುದು ಮನೆಯವರಿಗೆ ಮೂರು ತಿಂಗಳ ಮುಂಚೆಯೇ ತಿಳಿದಿತ್ತು. ಪರೀಕ್ಷೆಗೆ ಕುಳಿತಿರುವ ಹುಡುಗನಿಗೆ ಹೇಳಬೇಡಿರೆಂದು ಸಲಹೆಯಿತ್ತವನು ನಾನೇ. ಅಪ್ರಿಯವಾದ ಸತ್ಯವನ್ನು ನುಡಿಯಬಾರದೆಂದು ಮೂವತ್ತು ವರ್ಷ ಪಾಠ ಹೇಳಿದವನಲ್ಲವೆ? ಅಂದು ಅವನಿಗೆ ಎಲ್ಲವನ್ನೂ ತಿಳಿಸಿದೆನು.

"ಗೊತ್ತಿದ್ದರೆ ಆ ಮೂರು ತಿಂಗಳು ಅಪ್ಪನ ಹತ್ತಿರ ಇರುತ್ತಿದ್ದೆ" ಎಂದು ಅವನು ಅತ್ತನು. ನಾನೂ ಅತ್ತೆನು.

ಸಂಜೆ ಗುಂಬಜಿಗೆ ಹೋದೆವು. ಅಲ್ಲಿ ತಂದೆ, ತಾಯಿ, ಮಗ, ಮೂವರೂ ಒಂದೇ ಸೂರಿನಡಿ ಮಲಗಿದ್ದಾರೆ. ರೈಲಿನಲ್ಲಿ ಹಿಂದಿರುಗುವಾಗ ಹುಡುಗನು, "ಅಪ್ಪನಿಗೆ ನೋವು ಬಹಳವಿತ್ತೇ?" ಎಂದು ಕೇಳಿದನು. ಇದ್ದಿತೆಂದೇ ಹೇಳಿದೆನು. ಅವನು ನನ್ನ ಕೈಯನ್ನು ಹಿಡಿದುಕೊಂಡನು. ಪಾಂಡವಪುರ ಬರುವವರೆಗೂ ಬಿಡಲಿಲ್ಲ.

ವಾಚಕರೇ, ಮಕ್ಕಳು ದುಃಖವನ್ನು ತಾಳಬಲ್ಲರು. ತಮ್ಮವರೇ ತಮ್ಮಿಂದ ಮರೆಮಾಡಿದರೆಂಬುದನ್ನು ಮಾತ್ರ ತಾಳಲಾರರು.