ಸಂಘಕ್ಕೆ ನೂರು ತುಂಬುವಾಗ

ಓಪಿಡಿ ಮುಗಿಸಿ ಚಹಾ ಕುಡೀತಾ ಇದ್ದಾಗ ಹೊಳೀತು. ನಮ್ಮ ಅಖಿಲ ಭಾರತ ನೇತ್ರತಜ್ಞರ ಸಂಘ ಶುರುವಾಗಿದ್ದು 1930ರಲ್ಲಿ. ಅಂದ್ರೆ 2030ಕ್ಕೆ ನೂರು! ದೊಡ್ಡ ವೇದಿಕೆ, ಶಾಲು, ಸ್ಮರಣ ಸಂಚಿಕೆ ಎಲ್ಲಾ ಇದ್ದೇ ಇರುತ್ತೆ, ಇರಲಿ ಬಿಡಿ. ನನ್ನ ಆಸೆ ಒಂದೇ: ಜಿಲ್ಲೆಗೊಂದು ವೆಟ್‌ಲ್ಯಾಬ್. ಮಟನ್ ಅಂಗಡಿಯಿಂದ ಮೇಕೆ ಕಣ್ಣು ತಂದು, ಮೈಕ್ರೋವೇವ್‌ನಲ್ಲಿ ಕೆಲವೇ ಸೆಕೆಂಡು ಇಟ್ಟರೆ ಒಳಗಿನ ಲೆನ್ಸ್ ಪೊರೆ ಬಂದ ಹಾಗೆ ಗಟ್ಟಿಯಾಗುತ್ತೆ. ಪಿಜಿ ಹುಡುಗರು ಅದರ ಮೇಲೆ ಫೇಕೋ ಕಲಿಯಲಿ. ಕ್ಯಾಪ್ಸೂಲ್ ಹರಿಯೋದಿದ್ರೆ ಅಲ್ಲೇ ಹರೀಲಿ, ಹಳ್ಳಿಯಿಂದ ನಂಬಿ ಬಂದ ಅಜ್ಜಿ ಕಣ್ಣಲ್ಲಿ ಬೇಡ. ಇದಕ್ಕೇನು ಕೋಟಿಗಟ್ಟಲೆ ಬೇಕಾ? ಹಳೇ ಮೈಕ್ರೋಸ್ಕೋಪ್ ಮೂಲೇಲಿ ಬಿದ್ದಿರೋ ಆಸ್ಪತ್ರೆ ಎಷ್ಟಿಲ್ಲ! ಡಾಕ್ಟರ್ ಮಿತ್ರರೇ, ನೂರನೇ ವರ್ಷಕ್ಕೆ ನೀವೇನು ಕೇಳ್ತೀರಿ? ಶಾಲು ಬಿಟ್ಟು ಹೇಳಿ.