ಮಾಳಿಗಿ ಪದ ಮತ್ತು ಗಿಟಾರು

2012ರ ಮಳೆಗಾಲ. ಯರಗಟ್ಟಿ ಆಗಿನ್ನೂ ಸವದತ್ತಿ ತಾಲ್ಲೂಕಿನಲ್ಲೇ ಇತ್ತು. ಅಲ್ಲಿಯ ಒಂದು ಮಣ್ಣಿನ ಮಾಳಿಗೆಯ ಮನೆಯಲ್ಲಿ, ಪಿಯುಸಿ ಎರಡನೇ ವರ್ಷದ ಹುಡುಗನೊಬ್ಬ ಗಿಟಾರು ಬೇಕೆಂದು ಊಟ ಬಿಟ್ಟಿದ್ದ. ಬಿಟ್ಟಿದ್ದು ರಾತ್ರಿಯ ಊಟ ಮಾತ್ರ. ಬೆಳಗಿನ ರೊಟ್ಟಿಗೆ ಸತ್ಯಾಗ್ರಹ ಅನ್ವಯಿಸುತ್ತಿರಲಿಲ್ಲ.

ತಂದೆ ಭಜನಾ ಮೇಳದವರು. ಶಿಶುನಾಳ ಷರೀಫರ ಪದಗಳನ್ನು ಏಕತಾರಿ ಹಿಡಿದು ವರ್ಷಾನುಗಟ್ಟಲೆ ಹಾಡಿದವರು. ಮಗ ಮೊಬೈಲಿನಲ್ಲಿ ತುಂಬಿಸಿಕೊಂಡು ಬಂದದ್ದೂ ಷರೀಫರ ಪದವೇ. ಜಗಳ ಹುಟ್ಟಿದ್ದು ಅಲ್ಲಿಂದ.

“ಅಜ್ಜನ ಪದಾ ಹಿಂಗ ಹಾಡತಾರೇನೋ? ಎತ್ತು ಬೆದರಿ ಓಡಿದ್ಹಂಗ ಐತಿ” ಎಂದರು ತಂದೆ.

“ಇದನ್ನ ಇಂಗ್ಲೆಂಡಿನ್ಯಾಗ ಕೇಳ್ಯಾರಪ್ಪಾ” ಎಂದ ಮಗ.

ಹುಡುಗ ಹೇಳಿದ್ದು ಸುಳ್ಳಲ್ಲ. ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಷರೀಫರ ಪದಗಳೂ ಇದ್ದವು. 2010ರಲ್ಲಿ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು; ಮರುವರ್ಷ ಗ್ಲಾಸ್ಟನ್‌ಬರಿ ಉತ್ಸವದಲ್ಲಿ, ಲುಂಗಿ ಗೆಜ್ಜೆಗಳ ಸಮೇತ. ಅದೇ ವರ್ಷ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆ ಹೊಸ ಕಲಾವಿದರಿಗೆ ಕೊಡುವ ಪ್ರಶಸ್ತಿಯೂ ಬಂತು. ಬೀಟಲ್ಸ್ ಹುಡುಗರು ತಮ್ಮ ಮೊದಲ ಆಲ್ಬಂನ ಹತ್ತು ಹಾಡುಗಳನ್ನು 1963ರ ಫೆಬ್ರವರಿಯಲ್ಲಿ ಒಂದೇ ದಿನದಲ್ಲಿ ಹಾಡಿ ಮುಗಿಸಿದ್ದರಂತೆ. ದೀಕ್ಷಿತರದು ಆ ಅದೃಷ್ಟವಲ್ಲ. ಕಂಪನಿಗಳ ಬಾಗಿಲು ತಟ್ಟಿ ವರ್ಷಗಳೇ ಕಳೆದ ಮೇಲೆ, ಮುಂಬೈಯ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ ಆಲ್ಬಂ ಹೊರತಂದಿತು.

ಇಷ್ಟನ್ನೂ ಹುಡುಗ ಒಪ್ಪಿಸಿದ. ಜೊತೆಗೆ, ಆ ಮನುಷ್ಯ ಮೈಸೂರಿನಲ್ಲಿ ಓದುವಾಗ ಗೆಳೆಯನೊಬ್ಬನ ಸವಾಲಿಗೆ ಬಿದ್ದು ತಾನಾಗಿ ಗಿಟಾರು ಕಲಿತದ್ದನ್ನೂ, ಬೆಲ್ಜಿಯಂನಲ್ಲಿದ್ದ ನೌಕರಿ ಬಿಟ್ಟು ಬಂದದ್ದನ್ನೂ ಒತ್ತಿ ಹೇಳಿದ.

“ನೌಕರಿ ಏನಿತ್ತು?”

“ಔಷಧಿ ಕಂಪನ್ಯಾಗ. ಮೈಕ್ರೋಬಯಾಲಜಿ ಎಮ್ಮೆಸ್ಸಿ. ಗೋಲ್ಡ್ ಮೆಡಲ್.”

ಹೇಳಿದ ಮೇಲೆ ಹುಡುಗನಿಗೆ ತಪ್ಪಿನ ಅರಿವಾಯಿತು. ತಂದೆಯ ಮುಖ ಅರಳಿತ್ತು. “ಹಂಗಾರ ನೀನೂ ಮೊದಲ ಮೆಡಲ್ ತಾ. ಗಿಟಾರ್ ನಾ ಕೊಡಸ್ತೀನಿ.”

ಒಂದೇ ಬದುಕಿನಿಂದ ತಂದೆ ಮುಂಚಿನ ಅರ್ಧ ಎತ್ತಿಕೊಂಡರು, ಮಗ ಹಿಂದಿನ ಅರ್ಧ. ಯಾವ ಮನೆಯಲ್ಲಾದರೂ ಆಗುವುದು ಇದೇ. ನಡುವಿನ ವರ್ಷಗಳನ್ನು, ಅಂದರೆ ಯಾರೂ ಕೇಳದೆ ಇದ್ದಾಗಲೂ ಹಾಡಿದ ವರ್ಷಗಳನ್ನು, ಇಬ್ಬರೂ ಕೈಬಿಟ್ಟರು. ತಂದೆಗಂತೂ ಅದು ಗೊತ್ತಿರಬೇಕಿತ್ತು. ಅವರ ಮೇಳಕ್ಕೆ ಎಷ್ಟೋ ರಾತ್ರಿ ಗುಡಿಯ ಕಂಬಗಳೇ ಶ್ರೋತೃಗಳು.

ಅಂದು ರಾತ್ರಿ ಮಳೆ ಜೋರಾಯಿತು. ಮಾಳಿಗೆ ಮೂರು ಕಡೆ ಸೋರತೊಡಗಿತು. ತಾಯಿ ಬೋಗುಣಿ ಇಟ್ಟರು, ತಂದೆ ಮಗನ ಪುಸ್ತಕಗಳನ್ನು ಒಣಗಿದ ಮೂಲೆಗೆ ಸರಿಸಿದರು. ಮೇಲೆ ಮಣ್ಣು ಹಾಕಿಸಬೇಕೆಂದು ಹೋದ ವರ್ಷವೂ ಅಂದುಕೊಂಡದ್ದೇ. ಹುಡುಗ ಏನೂ ಮಾತಾಡದೆ ‘ಸೋರುತಿಹುದು ಮನಿಯ ಮಾಳಿಗಿ’ ಹಚ್ಚಿದ. ಅದು ಚೇಷ್ಟೆಯೋ ಸಂಧಾನವೋ ಅವನಿಗೇ ತಿಳಿದಿರಲಿಕ್ಕಿಲ್ಲ.

ತಂದೆ ಬೋಗುಣಿಯ ಪಕ್ಕ ಕುಳಿತು ಕೊನೆಯ ತನಕ ಕೇಳಿದರು.

“ಮೈಸೂರಾಂವ ಅಂದಿ. ‘ಮನಿಯ ಮಾಳಿಗಿ’ ಅಂತ ನಮ್ಮಂಗ ಅಂದಾನಲ್ಲೋ.”

“ಹೂಂ.”

“ಅವಸರ ಭಾಳ. ಹನಿ ಬೀಳೂದಕ ಅವಸರ ಇರೂದಿಲ್ಲ.” ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಗುಡುಗುಡಿ ಪದಾನೂ ಐತೇನು ಅದರಾಗ?”

“ಐತಿ.”

“ಹಚ್ಚು. ಮೊದಲ ಊಟಾ ಮಾಡು.”